ಬೆಂಡಿನ ಗಾಳದ ಸ್ಪರ್ಧೆಗೆ 3000 ಅಳತೆಯ ರೀಲು

ಗಾಜನೂರಿನ ತುಂಗಾ ಹಿನ್ನೀರಿನಲ್ಲಿ ನಾನು ಬಳಸುತ್ತಿರುವ 3000 ಅಳತೆಯ (ಮಧ್ಯಮ ಗಾತ್ರದ) ಸ್ಪಿನ್ನಿಂಗ್ ರೀಲಿನ, ಅಂದರೆ ಗಾಳದ ಕೋಲಿಗೆ ಜೋಡಿಸುವ ದಾರ ಸುತ್ತುವ ಸಾಧನದ, ಮುಖ್ಯ ಗುಣವೆಂದರೆ ಅದರ ಆಳವಿಲ್ಲದ ಸ್ಪೂಲ್ (ದಾರ ಸುತ್ತಿಕೊಳ್ಳುವ ಉರುಳೆ). 0.18 ಮಿಲಿಮೀಟರ್ ದಪ್ಪದ ತಂಗೂಸಿಯನ್ನು ಸುತ್ತಿದರೆ ಸ್ಪೂಲ್ ಅಂಚಿನ ಸಮೀಪದವರೆಗೂ ತುಂಬುವುದರಿಂದ, ನೀರಿನ ಮೇಲೆ ತೇಲುವ ಹಗುರವಾದ ಬೆಂಡನ್ನು ಬೀಸಿದಾಗಲೂ ದಾರವು ಅಂಚಿಗೆ ಹೆಚ್ಚು ಉಜ್ಜದೆ ಸರಾಗವಾಗಿ ಬಿಚ್ಚಿಕೊಂಡು ದೂರ ಹೋಗುತ್ತದೆ. ಆಳವಾದ ಸ್ಪೂಲಿನಲ್ಲಿ ಅಡಿಗೆ ಬೇರೆ ದಾರ ಸುತ್ತಿ ತುಂಬಿಸಬೇಕಾದ ತಾಪತ್ರಯ ಇಲ್ಲಿಲ್ಲ. ಹಿಡಿಕೆಯನ್ನು ಒಮ್ಮೆ ತಿರುಗಿಸಿದರೆ ರೋಟರ್ (ಸ್ಪೂಲಿನ ಸುತ್ತ ತಿರುಗಿ ದಾರ ಸುತ್ತುವ ಭಾಗ) ಸುಮಾರು 6 ಸುತ್ತು ಬರುತ್ತದೆ. ನಿಗದಿತ ಅವಧಿಯೊಳಗೆ ಹೆಚ್ಚು ತೂಕದ ಮೀನು ಸೇರಿಸಬೇಕಾದ ಸ್ಪರ್ಧೆಯಲ್ಲಿ ಈ ವೇಗ ನಿಜಕ್ಕೂ ಅಮೂಲ್ಯ. ದೊಡ್ಡ ಗೆಂಡೆ ಎಳೆದೋಡಿದಾಗ ಮುಂಭಾಗದ ಡ್ರ್ಯಾಗ್ (ದಾರ ಬಿಡುವುದನ್ನು ಹತೋಟಿಯಲ್ಲಿಡುವ ಬ್ರೇಕು) ತಡವರಿಸದೆ ದಾರ ಬಿಡುತ್ತದೆ. ದಾರ ಸಿಕ್ಕಿಸುವ ಕ್ಲಿಪ್ಪಿನ ಅಂಚು ಮಾತ್ರ ಒರಟಾಗಿದ್ದು, ತೆಳುವಾದ ತಂಗೂಸಿಯನ್ನು ಸವೆಸುತ್ತದೆ. ಕೊಳ್ಳುವವರು ಅಂಗಡಿಯಲ್ಲೇ ಅದನ್ನು ಬೆರಳಿನಿಂದ ಸವರಿ ನೋಡುವುದು ಒಳ್ಳೆಯದು.