ಪಾಸ್‌ಪೋರ್ಟ್ ಜೆಎಸ್: ಗಂಜಿನ ಅಡತಿ ಅಂಗಡಿಯಲ್ಲಿ ಏಳು ಹಂಗಾಮು

ಕಲಬುರಗಿಯ ನೆಹರು ಗಂಜಿನಲ್ಲಿ ಒಂದು ಅಡತಿ ಅಂಗಡಿಗೆ ನಾನು ಲೆಕ್ಕದ ವೆಬ್‌ಸೈಟ್ ಮಾಡಿಕೊಟ್ಟಿದ್ದು 2018ರ ದೀಪಾವಳಿ ಸುಮಾರಿಗೆ. ರೈತ ತಂದ ತೊಗರಿ ಎಷ್ಟು ಚೀಲ, ತೂಕ ಎಷ್ಟು, ದರ ಏನು, ಹಮಾಲಿ ಎಷ್ಟು ಕಳೆಯಿತು, ಕೈಗೆ ಎಷ್ಟು ಬಂತು, ಇಷ್ಟೂ ಅದರಲ್ಲಿ. ಪರದೆಯ ಬಣ್ಣ, ಅಕ್ಷರದ ಗಾತ್ರ ಯಾವುದರ ಬಗ್ಗೆಯೂ ಸಾವಕಾರರು ತಲೆ ಕೆಡಿಸಿಕೊಳ್ಳಲಿಲ್ಲ. ಕೇಳಿದ್ದು ಒಂದೇ: "ನಮ್ಮ ದರ ಬಾಜೂ ಅಂಗಡಿಯವ್ರಿಗಿ ಕಾಣಂಗಿಲ್ಲ, ಹೌದಿಲ್ರಿ?"

ಆ ಪ್ರಶ್ನೆಯ ಹೊಣೆಯನ್ನು ನಾನು ಪಾಸ್‌ಪೋರ್ಟ್ ಜೆಎಸ್ ಎಂಬ ಲೈಬ್ರರಿಯ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ, ಹೆಗಲಿಗೆ ಹಾಕಿದೆ. ಅಲ್ಲಿಂದ ಏಳು ತೊಗರಿ ಹಂಗಾಮು ಕಳೆದಿವೆ. ಅದೇ ಲೈಬ್ರರಿ ಈಗ ಸೇಡಂ ರಸ್ತೆಯ ಒಂದು ಕೋಚಿಂಗ್ ಸೆಂಟರಿನ ಸೈಟಿನಲ್ಲೂ ಇದೆ, ಇನ್ನೆರಡು ಸಣ್ಣ ಕೆಲಸಗಳಲ್ಲೂ ಇದೆ. ಬಿಡಬೇಕು ಅಂತ ಎರಡು ಸಲ ಅನ್ನಿಸಿತ್ತು, ಬಿಡಲಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಯಾಕೆ ಹೋಯಿತು ಅನ್ನುವುದರಲ್ಲೇ ಹೇಳಬೇಕಾದ್ದು ಜಾಸ್ತಿ ಇದೆ.

ಗೊತ್ತಿಲ್ಲದವರಿಗೆ ಎರಡು ಮಾತು. ನೋಡ್ ಜೆಎಸ್‌ನಲ್ಲಿ (ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲಿ ಓಡಿಸುವ ಸಾಧನ), ಅದರಲ್ಲೂ ಎಕ್ಸ್‌ಪ್ರೆಸ್ ಎಂಬ ಅದರ ಚೌಕಟ್ಟಿನ ಮೇಲೆ ಸೈಟ್ ಕಟ್ಟುವವರಿಗೆ ಲಾಗಿನ್ ಕೆಲಸಕ್ಕೆ ಸಿಗುವ ಲೈಬ್ರರಿ ಇದು. ಜೇರೆಡ್ ಹ್ಯಾನ್ಸನ್ 2011ರಲ್ಲಿ ಹೊರತಂದದ್ದು, ಎಂಐಟಿ ಲೈಸೆನ್ಸ್, ಪೈಸೆ ಖರ್ಚಿಲ್ಲ. ನಡುವಿನ ಭಾಗ ಬಹಳ ಸಣ್ಣದು. ಬಂದವನು ಯಾರು ಅಂತ ಪತ್ತೆ ಹಚ್ಚುವ ಒಂದೊಂದು ಬಗೆಗೂ ಒಂದೊಂದು ಬೇರೆ ಮಾಡ್ಯೂಲ್, ಅದಕ್ಕೆ ಸ್ಟ್ರಾಟೆಜಿ ಅನ್ನುತ್ತಾರೆ. ಹೆಸರು, ಪಾಸ್‌ವರ್ಡ್ ಬೇಕಿದ್ದರೆ ಲೋಕಲ್ ಸ್ಟ್ರಾಟೆಜಿ, ಗೂಗಲ್ ಖಾತೆಯಿಂದ ಬರುವವರಿಗೆ ಅದರದ್ದು, ಟೋಕನ್ (ಗುರುತಿನ ಚೀಟಿಯಂಥ ಸಂಕೇತ) ಹಿಡಿದು ಬರುವ ಮೊಬೈಲ್ ಆ್ಯಪ್‌ಗೆ ಇನ್ನೊಂದು. ಹೀಗೆ ಐನೂರಕ್ಕೂ ಹೆಚ್ಚು ಇವೆ. ನೀವು ಬರೆಯುವ ಪರೀಕ್ಷೆಯ ಫಂಕ್ಷನ್ ಕೊನೆಗೆ ಹೇಳಬೇಕಾದ್ದು ಮೂರರಲ್ಲಿ ಒಂದು: ನಡುವೆ ಏನೋ ಕೆಟ್ಟಿತು, ಅಥವಾ ಇವನೇ ಅವನು, ಅಥವಾ ಇವನು ಅವನಲ್ಲ. ಮುಂದಿನದನ್ನು ಪಾಸ್‌ಪೋರ್ಟ್ ನೋಡಿಕೊಳ್ಳುತ್ತದೆ.

ಇಷ್ಟೇ ಅದರ ಕೆಲಸ. ಪಾಸ್‌ವರ್ಡನ್ನು ಹ್ಯಾಶ್ ಮಾಡುವುದಿಲ್ಲ, ಅಂದರೆ ಹಿಂದಕ್ಕೆ ಓದಲಾಗದ ಸಂಕೇತವಾಗಿ ಬದಲಿಸಿಡುವುದಿಲ್ಲ. ಪಾಸ್‌ವರ್ಡ್ ಮರೆತವರಿಗೆ ದಾರಿ ತೋರಿಸುವುದಿಲ್ಲ. ಒಬ್ಬ ಸಾವಿರ ಸಲ ತಪ್ಪು ಪಾಸ್‌ವರ್ಡ್ ಹೊಡೆದರೂ ತಡೆಯುವುದಿಲ್ಲ. ಸೆಷನ್, ಅಂದರೆ ಒಳಗೆ ಬಂದವನು ಯಾರು ಅನ್ನುವ ನೆನಪು, ಎಲ್ಲಿಡಬೇಕು ಅನ್ನುವುದೂ ನಿಮ್ಮ ತಲೆನೋವೇ. ಮೊದಲ ವರ್ಷ ಇದು ನನಗೆ ಅರ್ಥವಾಗಿರಲಿಲ್ಲ. ಕೀಲಿ ಹಾಕುವವನನ್ನು ಇಟ್ಟುಕೊಂಡಿದ್ದೇನೆ, ಇನ್ನು ಮನೆ ಭದ್ರ ಅಂದುಕೊಂಡಿದ್ದೆ. ಗೋಡೆ ನಾನೇ ಕಟ್ಟಬೇಕಿತ್ತು.

2019ರ ಜನವರಿ, ಗಂಜಿಗೆ ತೊಗರಿ ಸುರಿಯುತ್ತಿದ್ದ ದಿನಗಳು. ಹಿಂದಿನ ಸಂಜೆ ಸೈಟನ್ನು ಎಚ್‌ಟಿಟಿಪಿಎಸ್ ಎಂಬ ಭದ್ರ ದಾರಿಗೆ ಬದಲಾಯಿಸಿದ್ದೆ. ಬೆಳಗ್ಗೆ ಅಂಗಡಿಯ ಮುನೀಮ ಕಾಕಾ ಫೋನ್ ಮಾಡಿದರು: "ತಮ್ಮಾ, ಪಾಸ್‌ವರ್ಡ್ ಖರೇನೇ ಹಾಕ್ಲತ್ತೀನಿ. ಒಳಗ ಹೋದಂಗ ಮಾಡ್ತದ, ಮತ್ತ ಮೊದಲಿನ ಜಾಗಕ್ಕೇ ತಂದು ನಿಂದರಸ್ತದ." ಮೂರು ತಾಸು ಪಾಸ್‌ಪೋರ್ಟನ್ನು ಬೈಯುತ್ತ ಕೂತೆ. ತಪ್ಪು ಅದರದ್ದಾಗಿರಲಿಲ್ಲ. ಸರ್ವರಿನ ಮುಂದೆ ಎನ್‌ಜಿನ್ಎಕ್ಸ್ ಎಂಬ ಪ್ರಾಕ್ಸಿಯನ್ನು (ಬಂದ ರಿಕ್ವೆಸ್ಟ್‌ಗಳನ್ನು ಒಳಗೆ ದಾಟಿಸುವ ಬಾಗಿಲಿನವನು) ನಿಲ್ಲಿಸಿದ್ದೆ, ಎಚ್‌ಟಿಟಿಪಿಎಸ್ ಅದರ ಹತ್ತಿರವೇ ಮುಗಿದು ಒಳಗಿನ ಎಕ್ಸ್‌ಪ್ರೆಸ್‌ಗೆ ಸಾದಾ ಎಚ್‌ಟಿಟಿಪಿ ಹೋಗುತ್ತಿತ್ತು. ಕುಕೀಗೆ (ಬ್ರೌಸರ್ ಇಟ್ಟುಕೊಳ್ಳುವ ಗುರುತಿನ ಚೀಟಿ) 'ಸೆಕ್ಯೂರ್' ಅಂತ ಗುರುತು ಹಾಕಿದ್ದರಿಂದ, ಭದ್ರವಲ್ಲದ ದಾರಿ ಅಂದುಕೊಂಡ ಸೆಷನ್ ಮಾಡ್ಯೂಲ್ ಕುಕೀಯನ್ನೇ ಕಳಿಸಲಿಲ್ಲ. ಲಾಗಿನ್ ಗೆದ್ದಿತು, ಆದರೆ ಗೆದ್ದ ಚೀಟಿ ಕಾಕಾನ ಕೈಗೆ ಬರಲಿಲ್ಲ. ಮುಂದಿರುವ ಪ್ರಾಕ್ಸಿಯನ್ನು ನಂಬು ಅನ್ನುವ 'ಟ್ರಸ್ಟ್ ಪ್ರಾಕ್ಸಿ' ಸಾಲು ಒಂದನ್ನು ಸೇರಿಸಿದ್ದೇ ಎಲ್ಲ ಸರಿಹೋಯಿತು. ಮುಂದೆ ಕೋಚಿಂಗ್ ಸೆಂಟರಿಗೆ ಗೂಗಲ್ ಲಾಗಿನ್ ಹಾಕುವಾಗ ವಾಪಸು ಬರುವ ವಿಳಾಸ ಹೊಂದುತ್ತಿಲ್ಲ ಅಂತ ದೂರು ಬಂದಾಗಲೂ ಕಾರಣ ಇದೇ ಸಾಲು ಇಲ್ಲದ್ದು. ಆ ಸಲ ಐದು ನಿಮಿಷದ ಕೆಲಸವಾಯಿತು.

ಇನ್ನೊಂದು ಪೆಟ್ಟು ಬಿದ್ದದ್ದು ಸೆಷನ್ ವಿಷಯದಲ್ಲಿ. ಎಕ್ಸ್‌ಪ್ರೆಸ್‌ನ ಸೆಷನ್ ಮಾಡ್ಯೂಲ್ ಸುಮ್ಮನೆ ಬಿಟ್ಟರೆ ಎಲ್ಲವನ್ನೂ ಮೆಮೊರಿಯಲ್ಲಿ ಇಡುತ್ತದೆ. ನಿಜವಾದ ಸೈಟಿಗೆ ಇದು ಆಗದು ಅಂತ ಅದೇ ಎಚ್ಚರಿಕೆ ಕೊಡುತ್ತದೆ, ನಾನು ಓದಿಯೂ ದಾಟಿ ಹೋಗಿದ್ದೆ. ಪ್ರತಿ ಸಲ ಸರ್ವರ್ ಮತ್ತೆ ಎದ್ದಾಗ ಇಡೀ ಅಂಗಡಿ ಹೊರಗೆ ಬೀಳುತ್ತಿತ್ತು. ಸೆಷನ್‌ಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಸಾಗಿಸಿದ ಮೇಲೆ ನೆಮ್ಮದಿ.

ಇದಕ್ಕಿಂತ ಸೂಕ್ಷ್ಮದ್ದು ಡಿಸೀರಿಯಲೈಸ್. ಸೆಷನ್‌ನಲ್ಲಿ ಬಳಕೆದಾರನ ಐಡಿ ಮಾತ್ರ ಇರುತ್ತದೆ, ಪ್ರತಿ ರಿಕ್ವೆಸ್ಟ್‌ಗೂ ಪಾಸ್‌ಪೋರ್ಟ್ ಆ ಐಡಿ ಕೊಟ್ಟು ಪೂರ್ತಿ ಮನುಷ್ಯನನ್ನು ತಂದುಕೊಡು ಅನ್ನುತ್ತದೆ. ಕೆಲಸ ಬಿಟ್ಟು ಹೋದ ಒಬ್ಬ ಹುಡುಗನ ಸಾಲನ್ನು ನಾನು ಟೇಬಲ್‌ನಿಂದಲೇ ಅಳಿಸಿದೆ. ಅವನ ಹಳೆಯ ಬ್ರೌಸರ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೇ ಇತ್ತು. ಮರುದಿನ ಅದರಲ್ಲಿ ಯಾವ ಪುಟ ಒತ್ತಿದರೂ ಎರರ್, ಲಾಗಿನ್ ಪುಟವೂ ಎರರ್! ಡೇಟಾಬೇಸ್‌ನಲ್ಲಿ ಸಾಲು ಸಿಗದಾಗ ನನ್ನ ಕೋಡ್ 'ಅನ್‌ಡಿಫೈನ್ಡ್' ಹಿಂದಿರುಗಿಸುತ್ತಿತ್ತು. ಹಾಗೆ ಬಂದರೆ ಪಾಸ್‌ಪೋರ್ಟ್ ಅದನ್ನು ದೋಷ ಅಂತ ಎಣಿಸುತ್ತದೆ. 'ಫಾಲ್ಸ್' ಅಥವಾ 'ನಲ್' ಅಂದರೆ ಮಾತ್ರ ಇವನು ಇಲ್ಲ ಅಂತ ತಿಳಿದು ಮರ್ಯಾದೆಯಿಂದ ಹೊರಗೆ ಕಳಿಸುತ್ತದೆ. ಇಂಥದ್ದು ಲೈಬ್ರರಿಯ ಬಳಕೆ ವಿವರಿಸುವ ದಾಖಲೆಯಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಿತ್ತು. ದಾಖಲೆಯ ಬಡತನಕ್ಕೇ ನಾನು ಅರ್ಧ ಅಂಕ ಕತ್ತರಿಸಿದ್ದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಪ್ರತಿ ರಿಕ್ವೆಸ್ಟ್‌ಗೂ ಡೇಟಾಬೇಸ್ ಮುಟ್ಟುವುದು ದಂಡ ಅಂತ ಮೊದಲು ಅನ್ನಿಸಿತ್ತು. ಪಟ್ಟಿಗಳ (ರೈತನ ಲೆಕ್ಕದ ಚೀಟಿ) ಫೋಟೊ ಇದ್ದ ಪುಟ ತೆರೆದರೆ ಒಂದೊಂದು ಫೋಟೊಕ್ಕೂ ಒಂದೊಂದು ಸಲ ಕಾಕಾ ಯಾರು ಅಂತ ಸರ್ವರ್ ವಿಚಾರಿಸುತ್ತಿತ್ತು. ಲೋಗೊ, ಸ್ಟೈಲ್ ಕಡತದಂಥ ಗುಟ್ಟಿಲ್ಲದ ಫೈಲುಗಳನ್ನು ಸೆಷನ್ ಸಾಲಿಗಿಂತ ಮೇಲೆ ಇಟ್ಟೆ, ಭಾರ ಇಳಿಯಿತು. ಫೋಟೊಗಳು ಒಳಗೇ ಇವೆ, ಅವು ರೈತರ ಲೆಕ್ಕ. ಆದರೆ ಇದೇ ಗುಣದಿಂದ ಒಂದು ದೊಡ್ಡ ಅನುಕೂಲ ಆಯಿತು. ಕೆಲಸದಿಂದ ತೆಗೆದವನ ಹೆಸರಿನ ಮುಂದೆ 'ಬಂದ್' ಅಂತ ಗುರುತು ಹಾಕಿದರೆ ಸಾಕು, ಮುಂದಿನ ಕ್ಲಿಕ್ಕಿಗೇ ಅವನು ಹೊರಗೆ. ಅವಧಿ ಮುಗಿಯುವ ತನಕ ಓಡಾಡುವ ಟೋಕನ್‌ನಲ್ಲಿ ಈ ಸುಖ ಹಾಗೇ ಸಿಗುವುದಿಲ್ಲ.

ಪಾಸ್‌ವರ್ಡ್ ಊಹಿಸುವವರನ್ನು ತಡೆಯಲು ಬೇರೆ ಮಾಡ್ಯೂಲ್ ಹಾಕಿ, ಒಂದು ಐಪಿ ವಿಳಾಸದಿಂದ ಹದಿನೈದು ನಿಮಿಷಕ್ಕೆ ಹತ್ತು ಪ್ರಯತ್ನ ಅಂತ ಮಿತಿ ಇಟ್ಟೆ. ಅಂಗಡಿಯ ಎಲ್ಲರೂ ಒಂದೇ ಇಂಟರ್‌ನೆಟ್ ಕನೆಕ್ಷನ್ ಮೇಲೆ ಇದ್ದಾರೆ ಅನ್ನುವುದು ಹೊಳೆಯಲೇ ಇಲ್ಲ. ಹೊಸ ಹುಡುಗನೊಬ್ಬ ಕ್ಯಾಪ್ಸ್ ಲಾಕ್ ಒತ್ತಿಟ್ಟು ಹತ್ತು ಸಲ ಹೊಡೆದ, ಸಾವಕಾರರೂ ಸೇರಿ ಎಲ್ಲರೂ ಬೀದಿಗೆ ಬಂದರು. ಈಗ ಖಾತೆಯ ಹೆಸರು ಮತ್ತು ಐಪಿ ಎರಡನ್ನೂ ಕೂಡಿಸಿ ಎಣಿಸುತ್ತೇನೆ.

ಪಾಸ್‌ಪೋರ್ಟ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ರೈತರಿಗೆ ಲಾಗಿನ್ ಕೊಡಬೇಕಾಗಿ ಬಂದಾಗ. ಅಫಜಲಪುರ, ಆಳಂದ ಕಡೆಯ ರೈತರು ತಮ್ಮ ಪಟ್ಟಿಯನ್ನು ಮೊಬೈಲಿನಲ್ಲೇ ನೋಡಬೇಕು ಅಂದರು. ಅವರಿಗೆ ಇಮೇಲ್ ಬೇಡ, ಪಾಸ್‌ವರ್ಡ್ ಬೇಡ, ಫೋನ್ ನಂಬರ್ ಮತ್ತು ಓಟಿಪಿ ಆದರೆ ಸಾಕು. ಆಗ ನಮಗೆ ಹೊಂದುವ ಸಿದ್ಧ ಸ್ಟ್ರಾಟೆಜಿ ಹುಡುಕಿದೆ. ಸಿಕ್ಕ ಕೆಲವು ವರ್ಷಗಟ್ಟಲೆ ಯಾರೂ ಮುಟ್ಟದೆ ಧೂಳು ಹಿಡಿದಿದ್ದವು. ಐನೂರು ಅನ್ನುವ ಎಣಿಕೆಯನ್ನು ನಂಬಿ ಹೋಗುವವರು ಇದನ್ನು ಗಮನಿಸಬೇಕು, ಎಷ್ಟೋ ಮನೆಗಳಲ್ಲಿ ದೀಪ ಇಲ್ಲ. ನಾನೇ ಬರೆಯಲು ಕೂತೆ. ಮೂಲ ಸ್ಟ್ರಾಟೆಜಿಯನ್ನು ಹಿಗ್ಗಿಸಿ 'ಅಥೆಂಟಿಕೇಟ್' ಅನ್ನುವ ಒಂದು ಮೆಥಡ್ ಬರೆದರಾಯಿತು, ಒಳಗಿಂದ ಸಕ್ಸೆಸ್, ಫೇಲ್, ಎರರ್ ಇವುಗಳಲ್ಲಿ ಒಂದನ್ನು ಕರೆಯಬೇಕು. ನಲವತ್ತು ಸಾಲಿನೊಳಗೆ ಮುಗಿಯಿತು. ಹಳೆಯ ಲಾಗಿನ್‌ನ ಒಂದು ಅಕ್ಷರವನ್ನೂ ಅಲುಗಿಸಲಿಲ್ಲ. ಮುನೀಮರು ಪಾಸ್‌ವರ್ಡ್‌ನಿಂದ ಬಂದರೂ ರೈತ ಓಟಿಪಿಯಿಂದ ಬಂದರೂ ಒಳಗಿನ ಕೋಡ್‌ಗೆ ಇಬ್ಬರೂ ಒಂದೇ ರೂಪದಲ್ಲಿ ಕಾಣುತ್ತಾರೆ.

ಎಸ್‌ಎಂಎಸ್ ಕಳಿಸುವುದಕ್ಕೇ ಅದಕ್ಕಿಂತ ಹೆಚ್ಚು ದಿನ ಹಿಡಿಯಿತು. ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಕಳಿಸುವವರ ಹೆಸರು, ಸಂದೇಶದ ಒಕ್ಕಣೆ ಎರಡನ್ನೂ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ನಾನು ಕನ್ನಡ ಒಕ್ಕಣೆಯಲ್ಲಿ ಒಂದು ಅಲ್ಪವಿರಾಮ ಬದಲಾಯಿಸಿದ್ದಕ್ಕೆ ಸಂದೇಶಗಳು ಹೋಗಲಿಲ್ಲ. ಅದು ಪಾಸ್‌ಪೋರ್ಟ್‌ನ ಪಾಪ ಅಲ್ಲ ಬಿಡಿ.

2022ರ ಮೇ ತಿಂಗಳಲ್ಲಿ 0.6 ಆವೃತ್ತಿ ಬಂತು. ಹೊರಗೆ ನಲವತ್ತರ ಮೇಲಿನ ಬಿಸಿಲು, ಕೂಲರ್ ಹಾಕಿಕೊಂಡು ಅಪ್‌ಡೇಟ್ ಮಾಡಿದೆ. ಮೊದಲು ಕೈಕೊಟ್ಟದ್ದು ಲಾಗೌಟ್ ಗುಂಡಿ. ಅಲ್ಲಿಯ ತನಕ ಲಾಗೌಟ್ ಅನ್ನುವ ಒಂದು ಕರೆ ಸಾಕಿತ್ತು, ಇನ್ನು ಮುಂದೆ ಕಾಲ್‌ಬ್ಯಾಕ್ (ಕೆಲಸ ಮುಗಿದ ಮೇಲೆ ಓಡುವ ಫಂಕ್ಷನ್) ಕಡ್ಡಾಯ. ಎರಡನೆಯದು ಕಣ್ಣಿಗೆ ಬೀಳಲು ಒಂದು ವಾರ ಬೇಕಾಯಿತು. ಪಟ್ಟಿಯ ಲಿಂಕ್ ಒತ್ತಿ ಬಂದವರನ್ನು ಲಾಗಿನ್ ಆದ ಮೇಲೆ ಅದೇ ಪಟ್ಟಿಗೆ ಕರೆದೊಯ್ಯುತ್ತಿದ್ದೆ, ಈಗ ಎಲ್ಲರೂ ಮುಖಪುಟಕ್ಕೆ ಬಂದು ನಿಲ್ಲುತ್ತಿದ್ದರು. ಲಾಗಿನ್ ಆದೊಡನೆ ಸೆಷನ್ ಪೂರ್ತಿ ಹೊಸದಾಗುವುದರಿಂದ ನಾನು ಅದರಲ್ಲಿ ಬರೆದಿಟ್ಟಿದ್ದ ಹಳೆಯ ವಿಳಾಸ ಅಳಿಸಿಹೋಗುತ್ತಿತ್ತು. ಸೆಷನ್ ಫಿಕ್ಸೇಶನ್, ಅಂದರೆ ಕಳ್ಳ ಮೊದಲೇ ತನ್ನ ಸೆಷನ್ ಐಡಿಯನ್ನು ನಿಮ್ಮ ಬ್ರೌಸರಿಗೆ ಅಂಟಿಸಿಟ್ಟು, ನೀವು ಲಾಗಿನ್ ಆಗುವುದನ್ನೇ ಕಾದು ಒಳಗೆ ನುಗ್ಗುವ ದಾಳಿ; ಅದನ್ನು ತಡೆಯಲು ಈ ಬದಲಾವಣೆ. ಹಳೆಯದು ಬೇಕೇ ಬೇಕು ಅನ್ನುವವರಿಗೆ ಉಳಿಸಿಕೊಳ್ಳುವ ಆಯ್ಕೆ ಇದೆ. ನಾನು ವಿಳಾಸವನ್ನು ಫಾರ್ಮ್‌ನಲ್ಲೇ ಸಾಗಿಸಿದೆ. ಬದಲಾವಣೆ ಸರಿಯಾದದ್ದೇ, ಆದರೆ ಆ ವಾರ ಉರಿಯಿತು. ಉಳಿದ ಅರ್ಧ ಅಂಕ ಹೋದದ್ದು ಅಲ್ಲಿ.

ಕನ್ನಡದವರಿಗೆ ಎದುರಾಗುವ ಒಂದು ತೊಡಕು ಬಾಕಿ ಇದೆ. ಕಾಕಾ ಪಾಸ್‌ವರ್ಡನ್ನು ಕನ್ನಡದಲ್ಲೇ ಇಟ್ಟರು. ಮೊಬೈಲಿನಲ್ಲಿ ನಡೆಯಿತು, ಅಂಗಡಿಯ ಕಂಪ್ಯೂಟರಿನಲ್ಲಿ ನಡೆಯಲಿಲ್ಲ. ಅಕ್ಷರ ನೋಡಿದರೆ ಎರಡೂ ಕಡೆ ಒಂದೇ. 'ತೊಗರಿ' ಪದವನ್ನೇ ತೆಗೆದುಕೊಳ್ಳಿ (ಅವರ ಪಾಸ್‌ವರ್ಡ್ ಇದಲ್ಲ, ಪ್ರಯತ್ನಿಸಬೇಡಿ). 'ತೊ'ದ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತ ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹ್ಯಾಶ್‌ಗೆ ಬೇರೆ. ಹ್ಯಾಶ್ ಮಾಡುವ ಮುನ್ನ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ (ಯುನಿಕೋಡ್‌ನ ಒಂದೇ ಬಗೆಯ ಬರವಣಿಗೆ) ತಂದರೆ ಜಗಳ ಮುಗಿಯಿತು. ಜತೆಗೆ ಹ್ಯಾಶ್ ಮಾಡಲು ಬಿಕ್ರಿಪ್ಟ್ ಬಳಸುವವರು ನೆನಪಿಡಬೇಕಾದ್ದು: ಅದು 72 ಬೈಟ್‌ಗಿಂತ ಮುಂದೆ ನೋಡುವುದಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಹಾಗಾಗಿ 24 ಸಂಕೇತಕ್ಕೇ ಗಡಿ ಬಂತು. 'ತೊ' ಒಂದೇ ಎರಡು ಸಂಕೇತ ನುಂಗುತ್ತದೆ. ಉದ್ದನೆಯ ವಚನದ ಸಾಲನ್ನೇ ಪಾಸ್‌ವರ್ಡ್ ಮಾಡಿಕೊಂಡವರ ಬಾಲವೆಲ್ಲ ಲೆಕ್ಕಕ್ಕೇ ಬರುವುದಿಲ್ಲ.

ವಾರದೊಳಗೆ ಸೈಟ್ ಕೊಟ್ಟು ಕೈ ತೊಳೆದುಕೊಳ್ಳುವವರು ಇದನ್ನು ಹಾಕಬೇಡಿ, ಬಿಟ್ಟ ಸಂದುಗಳನ್ನು ತುಂಬಲು ನೀವು ಅಲ್ಲಿ ಇರುವುದಿಲ್ಲ. ಅದೇ ಗಿರಾಕಿಯ ಜತೆ ವರ್ಷಗಟ್ಟಲೆ ಚಹಾ ಕುಡಿಯುವವರಾದರೆ ಧಾರಾಳವಾಗಿ ಹಾಕಿ.

ಈ ಹಂಗಾಮಿಗೆ ಪಾಸ್‌ಕೀ ಸೇರಿಸುವ ಯೋಚನೆ ಇದೆ, ಅದಕ್ಕೂ ಸ್ಟ್ರಾಟೆಜಿ ಸಿಗುತ್ತದೆ. ನನ್ನ ಫೋನಿನಲ್ಲಿ ನಡೆಯುತ್ತಿದೆ. ಮೊನ್ನೆ ಸಾವಕಾರರ ಮುಂದೆ ಫೋನ್ ಹಿಡಿದು, ಪಾಸ್‌ವರ್ಡ್ ಬೇಡ, ಇಲ್ಲಿ ಹೆಬ್ಬೆಟ್ಟು ಇಟ್ಟರೆ ಸಾಕು ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು: "ಸಹಿ ಮಾಡ್ಲಿಕ್ಕಿ ಬರ್ತದ್ರಿ ನನಗ. ಹೆಬ್ಬೆಟ್ಟು ಯಾಕ ಒತ್ಲಿ?"