ಲಿಂಗರಾಜಪುರದಲ್ಲಿ ತೆನೆಹಬ್ಬದ ಊಟ

ಬೆಂಗಳೂರಿನಲ್ಲಿ ಮಂಗಳೂರು ಕಡೆಯ ಊಟಕ್ಕೆ ಬರವಿಲ್ಲ. ನೀರುದೋಸೆ, ಕೋರಿ ರೊಟ್ಟಿ, ಮೀನಿನ ಗಸಿ ಯಾವ ಏರಿಯಾಗೆ ಹೋದರೂ ಸಿಗುತ್ತದೆ. ಆದರೆ ಸೆಪ್ಟೆಂಬರ್ 8ರಂದು ಮಂಗಳೂರು ಕೆಥೊಲಿಕರ ಮನೆಗಳಲ್ಲಿ ಬಾಳೆ ಎಲೆ ಮೇಲೆ ಬಡಿಸುವ ಊಟವನ್ನು ಹೋಟೆಲಿನಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅದು ಮೊಂತಿ ಹಬ್ಬದ ಊಟ. ಕನ್ನಡದಲ್ಲಿ ತೆನೆಹಬ್ಬ ಅನ್ನುತ್ತೇವೆ. ಅದನ್ನು ಲಿಂಗರಾಜಪುರದಲ್ಲಿ ಎಲೆ ಹಾಕಿ, ಪ್ರಾರ್ಥನೆ ಹೇಳಿ, ಕ್ರಮ ತಪ್ಪದೆ ಬಡಿಸುವ ಒಂದು ಮನೆ ಅಡುಗೆಯವರ ಬಗ್ಗೆ ಬರೆಯುತ್ತಿದ್ದೇನೆ.

ಬೋರ್ಡ್ ಇಲ್ಲ. ಯಾವ ಆ್ಯಪ್‌ನಲ್ಲೂ ಇಲ್ಲ. ವಯಸ್ಸಾದ ಗಂಡ ಹೆಂಡತಿ (ನಮಗೆಲ್ಲ ಅಂಕಲ್, ಆಂಟಿ), ಜೊತೆಗೆ ಕೆಲಸಕ್ಕೆ ಮೂವರು. ಮನೆಯ ಹಾಲ್ ಮತ್ತು ಕಾರ್ ಶೆಡ್ಡಿನಲ್ಲಿ ಮೇಜು ಹಾಕುತ್ತಾರೆ. ಹೆಸರು, ನಂಬರ್ ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ. ಅಕ್ಕಪಕ್ಕದ ಚರ್ಚುಗಳಲ್ಲಿ ಕೊಂಕಣಿ ಬಲಿಪೂಜೆ (ಮಾಸ್) ಮುಗಿಸಿ ಹೊರಗೆ ಬರುವವರನ್ನು ಕೇಳಿದರೆ ದಾರಿ ಹೇಳುತ್ತಾರೆ.

ಮೊದಲು ಹಬ್ಬದ ಬಗ್ಗೆ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲಮರಿಯಮ್ಮನ ಮೂರ್ತಿಗೆ ಹಾಕುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದಿಷ್ಟು ಕೊಡುತ್ತಾರೆ, ಮಕ್ಕಳಿಗೆ ಕಬ್ಬು. ಮನೆಯಲ್ಲಿ ತೆನೆಯ ಕಾಳು ಸುಲಿದು, ಕುಟ್ಟಿ, ಹಾಲಿಗೆ ಅಥವಾ ಪಾಯಸಕ್ಕೆ ಹಾಕುತ್ತೇವೆ. ಇದಕ್ಕೆ ನೊವೆಂ ಅನ್ನುತ್ತೇವೆ. ಅದನ್ನು ಮನೆಯ ಹಿರಿಯರು ಹಂಚಿದ ಮೇಲೇ ಊಟ. ಊಟ ಪೂರ್ತಿ ಸಸ್ಯಾಹಾರ. ಇದನ್ನು ಹೇಳಿದರೆ ನನ್ನ ಆಫೀಸಿನವರು ನಂಬುವುದಿಲ್ಲ. ಪಲ್ಯ, ಗಸಿ ಎಲ್ಲ ಸೇರಿ ಬೆಸ ಸಂಖ್ಯೆಯಲ್ಲಿ ಇರಬೇಕು: ಮೂರು, ಐದು, ಏಳು ಅಥವಾ ಒಂಬತ್ತು.

ಈ ಆಚರಣೆಯನ್ನು 1763ರಲ್ಲಿ ಬಂಟ್ವಾಳ ತಾಲ್ಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಜೋಕಿಂ ಮಿರಾಂದ ಎಂಬ ಗೋವಾದ ಧರ್ಮಗುರು ಶುರುಮಾಡಿದರು ಅಂತ ನಮ್ಮಲ್ಲಿ ಹೇಳುತ್ತಾರೆ. ಆದರೆ ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುವುದು ಕರಾವಳಿಯ ಎಲ್ಲರದ್ದು. ತುಳುವರ ಮನೆಗಳಲ್ಲಿ ಹೊಸ ಅಕ್ಕಿ ಊಟ ಇದೆ, ಕೊಡಗಿನಲ್ಲಿ ಪುತ್ತರಿ ಇದೆ. ಗೋವಾದಿಂದ ಬಂದು ಕರಾವಳಿಯಲ್ಲಿ ಗದ್ದೆ ಮಾಡಿದ ನಮ್ಮ ಹಿರಿಯರು ದೇವರ ತಾಯಿಯ ಹುಟ್ಟುಹಬ್ಬದ ಜೊತೆಗೇ ಗದ್ದೆಯ ಮೊದಲ ತೆನೆಯನ್ನೂ ಇಟ್ಟರು. ನನ್ನ ನಂಬಿಕೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದೇ.

ನಾನು ಬೆಂಗಳೂರಿನಲ್ಲೇ ಹುಟ್ಟಿದವನು. ಅಪ್ಪ ಬಂಟ್ವಾಳ ಕಡೆಯಿಂದ ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತೆಲುಗು ಎಲ್ಲ. ನನ್ನ ಅಡ್ಡಹೆಸರು ಕೇಳಿದ ಕೂಡಲೇ "ಗೋವಾನಾ?" ಅಂತಾರೆ. ಕನ್ನಡದಲ್ಲಿ ಮಾತಾಡಿದರೆ "ಕನ್ನಡ ಚೆನ್ನಾಗಿ ಕಲ್ತಿದ್ದೀರಿ" ಅಂತಾರೆ. ನನಗೆ ಕನ್ನಡ ಕಲಿತು ಬಂದ ಭಾಷೆ ಅಲ್ಲ. ನಾನು ಓದಲು ಕಲಿತ ಮೊದಲ ಅಕ್ಷರವೇ ಕನ್ನಡದ್ದು. ನಮ್ಮಮ್ಮ ದೇವರ ಪ್ರಾರ್ಥನೆ ಕಲಿಸಿದ್ದೂ ಕನ್ನಡ ಅಕ್ಷರದಲ್ಲಿ ಅಚ್ಚಾದ ಕೊಂಕಣಿ ಪುಸ್ತಕದಿಂದಲೇ. ಇಂಥ ಮನೆಯಲ್ಲಿ ಬೆಳೆದವನಿಗೆ ಮೊಂತಿ ಹಬ್ಬದ ಊಟ ಏನು ಅನ್ನುವುದನ್ನು ಈ ಅಡುಗೆಯವರು ಪೂರ್ತಿ ತಿಳಿದಿದ್ದಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

2025ರಲ್ಲಿ ಹಬ್ಬ ಸೋಮವಾರ ಬಂತು. ನಾನು ರಜೆ ಹಾಕಿದೆ. ಅಮ್ಮನಿಗೆ ಈಗ 78. ಏಳು ಬಗೆಯ ಅಡುಗೆಗೆ ನಿಲ್ಲಲು ಆಗುವುದಿಲ್ಲ. ಹೆಂಡತಿ, ಮಗ, ಅಮ್ಮ, ಎದುರುಮನೆಯ ಗಂಡ ಹೆಂಡತಿ ಸೇರಿ ಹನ್ನೆರಡೂವರೆಯ ಮೊದಲ ಪಂಕ್ತಿಗೆ ಹೋದೆವು. ಎದುರುಮನೆಯವರು ಮಂಡ್ಯ ಕಡೆಯವರು. ಪ್ರತಿ ವರ್ಷ ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡುತ್ತಾರೆ. ಈ ಸಲ ನಮ್ಮ ಹಬ್ಬಕ್ಕೆ ಅವರನ್ನು ಕರೆಯಲೇಬೇಕು ಅಂತ ಅಮ್ಮ ಹಟ ಹಿಡಿದಿದ್ದರು.

ಬಾಗಿಲಲ್ಲೇ ತೆನೆಯ ಕಟ್ಟು ಇತ್ತು. ಇಲ್ಲಿ ಅಲಂಕಾರಕ್ಕೆ ಸಿಗುವ ಒಣಗಿದ ತೆನೆ ಅಲ್ಲ. ಹಸಿರು ಹಳದಿ ಬಣ್ಣದ, ಹಾಲು ಗಟ್ಟಿಯಾಗುತ್ತಿದ್ದ ತೆನೆ. ಮೂಡುಬಿದಿರೆ ಹತ್ತಿರ ಆಂಟಿಯ ತಮ್ಮನ ಗದ್ದೆ ಇದೆ. ಅಲ್ಲಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆದರೆ ಅನ್ನುವ ಭಯಕ್ಕೆ ಎರಡು ದಿನ ಮೊದಲೇ ತರಿಸುತ್ತಾರೆ. ಬೆಳಗ್ಗೆ ಚರ್ಚಿಗೆ ಒಯ್ದು ಆಶೀರ್ವಾದ ಮಾಡಿಸಿ ತಂದಿದ್ದರು. ಎದುರುಮನೆಯ ಗೌಡರು ಒಂದು ತೆನೆ ಕೈಗೆ ತಗೊಂಡು ಉಗುರಲ್ಲಿ ಕಾಳು ಒತ್ತಿ ನೋಡಿದರು. "ಇನ್ನೂ ಹದಿನೈದು ದಿನ ಬೇಕು ಕುಯ್ಲಿಗೆ" ಅಂದರು. ಅಂಕಲ್‌ಗೆ ಎಷ್ಟು ಖುಷಿಯಾಯಿತು ಅಂದರೆ, ಇಬ್ಬರೂ ಹತ್ತು ನಿಮಿಷ ಗದ್ದೆ, ಬೀಜ, ಮಳೆ ಅಂತ ಅಲ್ಲೇ ನಿಂತು ಮಾತಾಡಿದರು.

ಎಲೆ ಹಾಕಿದ ಮೇಲೆ ಪ್ರತಿ ಎಲೆಯ ಪಕ್ಕ ಒಂದು ಹಾಳೆ. ಒಂದು ಕಡೆ ಕೊಂಕಣಿ ಪ್ರಾರ್ಥನೆ, ಇನ್ನೊಂದು ಕಡೆ ಅಡುಗೆಗಳ ಹೆಸರು. ಎರಡೂ ಕನ್ನಡ ಲಿಪಿಯಲ್ಲಿ. ಗೋವಾದವರು ಕೊಂಕಣಿಯನ್ನು ದೇವನಾಗರಿ ಮತ್ತು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ, ಕೇರಳದಲ್ಲಿ ಮಲಯಾಳ ಲಿಪಿಯೂ ಇದೆ. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. ಅದಕ್ಕೂ ಎಷ್ಟೋ ಮೊದಲೇ, 1938ರಲ್ಲಿ, ಮಂಗಳೂರಿನಲ್ಲಿ ರಾಕ್ಣೊ ವಾರಪತ್ರಿಕೆ ಕನ್ನಡ ಲಿಪಿಯ ಕೊಂಕಣಿಯಲ್ಲಿ ಶುರುವಾಗಿತ್ತು. ಅಪ್ಪ ಅದನ್ನು ಅಂಚೆಯಲ್ಲಿ ತರಿಸುತ್ತಿದ್ದರು.

ನನ್ನ ಮಗನಿಗೆ ಕೊಂಕಣಿ ಅರ್ಥವಾಗುತ್ತದೆ, ಮಾತಾಡಲು ನಾಚಿಕೆ. ಬೆಂಗಳೂರಿನ ಮಕ್ಕಳ ಕಥೆ ಇದೇ ಅಲ್ವಾ. ಆದರೆ ಶಾಲೆಯಲ್ಲಿ ಕನ್ನಡ ಕಲಿಯುತ್ತಿರುವುದರಿಂದ ಆ ಹಾಳೆಯನ್ನು ಸರಾಗವಾಗಿ ಓದಿದ. ಅಂಕಲ್ ಅವನನ್ನೇ ಮುಂದೆ ಕರೆದು "ತೂಂಚ್ ಸಾಂಗ್ ಪುತಾ" ಅಂದರು, ನೀನೇ ಹೇಳು ಮಗ ಅಂತ. "ಆಮ್ಚ್ಯಾ ಬಾಪಾ", "ನಮಾನ್ ಮರಿಯೆ" ಎರಡನ್ನೂ ಅವನು ಓದಿದ, ಉಳಿದವರು ದನಿ ಸೇರಿಸಿದರು. ಹಾಳೆ ಹಿಡಿದು ನಿಂತ ಗೌಡರ ತುಟಿಯೂ ಆಡುತ್ತಿತ್ತು. ಅವರಿಗೆ ಭಾಷೆ ಗೊತ್ತಿಲ್ಲ, ಅಕ್ಷರ ಗೊತ್ತು. ಕನ್ನಡ ನಾಡಿನಲ್ಲಿ ಕೊಂಕಣಿ ಉಳಿಯಬೇಕಾದರೆ ಕನ್ನಡವನ್ನು ಗಟ್ಟಿಯಾಗಿ ಹಿಡಿಯಬೇಕು ಅಂತ ನಾನು ಹೇಳುತ್ತಲೇ ಬಂದಿದ್ದೇನೆ. ನಮ್ಮ ಮಕ್ಕಳು ಕನ್ನಡ ಓದುವುದನ್ನು ಬಿಟ್ಟರೆ ಅಜ್ಜಿಯ ಪ್ರಾರ್ಥನೆ ಪುಸ್ತಕವೂ ಅವರ ಪಾಲಿಗೆ ಮುಚ್ಚಿಹೋಗುತ್ತದೆ.

ಪ್ರಾರ್ಥನೆ ಆದ ಮೇಲೆ ಅಂಕಲ್ ಎರಡು ಮಾತು ಹೇಳುತ್ತಾರೆ. ಹಿಂದಿನವರು ಎಷ್ಟು ಕಷ್ಟದಲ್ಲಿ ಈ ಹಬ್ಬ ಉಳಿಸಿಕೊಂಡರು ಅಂತ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕೆಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು, 1799ರ ನಂತರ ಬದುಕುಳಿದವರು ಊರಿಗೆ ಮರಳಿ ಮತ್ತೆ ಗದ್ದೆ ಉತ್ತದ್ದು. ಯಾರ ಮೇಲೂ ಸಿಟ್ಟಿಲ್ಲದೆ, ಮನೆಯ ಹಳೆಯ ಸುದ್ದಿ ಹೇಳುವ ಹಾಗೆ ಹೇಳಿದರು. ಆಮೇಲೆ ನೊವೆಂ. ಹಾಲಿನಲ್ಲಿ ಕುಟ್ಟಿದ ಹೊಸ ಅಕ್ಕಿ, ಒಂದೊಂದು ಚಮಚ. ಇಡೀ ಪಂಕ್ತಿಯಲ್ಲಿ ಅಮ್ಮನೇ ಹಿರಿಯರು. ಅದಕ್ಕೆ ಹಂಚುವ ಪಾತ್ರೆಯನ್ನು ಅವರ ಕೈಗೇ ಕೊಟ್ಟರು. ಗುರುತಿಲ್ಲದ ಮಕ್ಕಳೂ ಅವರ ಮುಂದೆ ಕೈ ಜೋಡಿಸಿ ಬೆಸಾಂವ್ ಕೇಳಿದರು. ನಮ್ಮಲ್ಲಿ ಹಿರಿಯರ ಆಶೀರ್ವಾದ ಕೇಳುವುದು ಹಾಗೆ. ಅಪ್ಪ ಹೋದ ಮೇಲೆ ಅಮ್ಮನ ಮುಖದಲ್ಲಿ ಅಷ್ಟು ಗೆಲುವು ನಾನು ಕಂಡಿರಲಿಲ್ಲ.

ಈಗ ಅಡುಗೆ. ಏಳು ಬಗೆ. ಎಲ್ಲಕ್ಕಿಂತ ಮೇಲೆ ಕೆಸುವಿನ ದಂಟು, ಎಲೆ ಮತ್ತು ಅಮಟೆಕಾಯಿ ಹಾಕಿದ ಗಸಿ. ಕೆಸುವಿನ ಎಲೆಯನ್ನು ಸುರುಳಿ ಸುತ್ತಿ ಗಂಟು ಹಾಕಿ ಬೇಯಿಸಬೇಕು. ಹುಳಿ ಕಡಿಮೆಯಾದರೆ ಗಂಟಲು ಕೆರೆಯುತ್ತದೆ. ಇಲ್ಲಿ ಒಂದು ಗಂಟೂ ಬಿಚ್ಚಿರಲಿಲ್ಲ, ಬಾಯಿಗೆ ಇಟ್ಟರೆ ಬೆಣ್ಣೆ. ಅಮಟೆಕಾಯಿಯ ಹುಳಿ ತೆಂಗಿನಕಾಯಿ ಮಸಾಲೆಗೆ ಪೂರ್ತಿ ಇಳಿದಿತ್ತು. ಮೇಲೆ ತೆಂಗಿನೆಣ್ಣೆ, ಬೆಳ್ಳುಳ್ಳಿ ಒಗ್ಗರಣೆ. ಅಮ್ಮ ಮತ್ತೆ ಕೇಳಿ ಹಾಕಿಸಿಕೊಂಡರು, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಗೊತ್ತಿಲ್ಲ. ಮೊಳಕೆ ಹೆಸರುಕಾಳಿನ ಗಸಿ ತುಂಬಾ ಚೆನ್ನಾಗಿತ್ತು. ಹೀರೆಕಾಯಿ, ಅಲಸಂಡೆ, ಬೆಂಡೆಯ ಪಲ್ಯಗಳಿಗೆ ಕಾಯಿತುರಿ ಹದವಾಗಿತ್ತು. ಸೌತೆಕಾಯಿ ಪರವಾಗಿಲ್ಲ. ಹಾಗಲಕಾಯಿಗೆ ಬೆಲ್ಲ ಜಾಸ್ತಿ. ಹಾಗಲ ಕಹಿಯಾಗಿಯೇ ಇರಬೇಕು ಅನ್ನುವವನು ನಾನು. ಅನ್ನ ಕುಚ್ಚಲಕ್ಕಿಯದ್ದು, ಬೆಳ್ತಿಗೆ (ಬಿಳಿ ಅಕ್ಕಿ) ಬೇಕಾದವರಿಗೆ ಅದೂ ಇದೆ.

ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸುವ ಸಾನ್ನ ಬಗ್ಗೆ ಬೇರೆಯಾಗಿ ಹೇಳಬೇಕು. ಊರಲ್ಲಿ ಹಿಂದೆ ಹಿಟ್ಟನ್ನು ಕಳ್ಳು ಹಾಕಿ ಉಬ್ಬಿಸುತ್ತಿದ್ದರು. ಇಲ್ಲಿ ಯೀಸ್ಟ್. ಆ ಸಣ್ಣ ಹುಳಿ ಪರಿಮಳ ಇರಲಿಲ್ಲ, ಆದರೆ ಮೆತ್ತಗೆ, ಬಿಸಿಯಾಗಿ ಇತ್ತು. ಎರಡನೇ ಪಂಕ್ತಿಗೆ ಹೋದ ನನ್ನ ಸ್ನೇಹಿತನಿಗೆ ತಣ್ಣಗಾದದ್ದು ಸಿಕ್ಕಿತಂತೆ. ಕಡೆಗೆ ವೊರ್ನ್, ಹೆಸರುಬೇಳೆ ಪಾಯಸ. ಎರಡು ಬಾರಿ ಹಿಂಡಿದ ಕಾಯಿಹಾಲು. ಇಷ್ಟು ಸಿಹಿ ಬೇಕಿರಲಿಲ್ಲ ಅನ್ನಿಸಿತು, ಆದರೂ ಎಲೆಯಲ್ಲಿ ಉಳಿಯಲಿಲ್ಲ.

ನನಗೆ ಬೇಸರವಾದ ವಿಷಯ ಒಂದಿದೆ. ಎರಡನೇ ಪಂಕ್ತಿಯಲ್ಲಿ ಪ್ರಾರ್ಥನೆ ಇಂಗ್ಲಿಷಿನಲ್ಲಿ. ಆ ಹೊತ್ತಿಗೆ ಬರುವವರು ಹೆಚ್ಚಾಗಿ ಐಟಿ ಕಂಪನಿಯ ಯುವಕರು, ಅವರೇ ಕೇಳಿದರಂತೆ. ಆಂಟಿ ಒಪ್ಪಿಕೊಂಡಿದ್ದಾರೆ. ಗಿರಾಕಿಯನ್ನು ಬಿಟ್ಟುಕೊಡಲು ಆಗುವುದಿಲ್ಲ ಅನ್ನುವುದು ನನಗೂ ತಿಳಿಯುತ್ತದೆ. ಆದರೆ ವರ್ಷಕ್ಕೊಮ್ಮೆ ಎರಡು ಪ್ರಾರ್ಥನೆಯನ್ನು ತಾಯಿನುಡಿಯಲ್ಲಿ ಹೇಳಲು ಕಷ್ಟಪಡುವುದರಲ್ಲೇ ಹಬ್ಬ ಇದೆ. ಕೊಂಕಣಿಯಲ್ಲೇ ಹೇಳಿಸಿ, ಬೇಕಾದರೆ ಮೊದಲೇ ಕನ್ನಡದಲ್ಲಿ ವಿವರಿಸಿ ಅಂತ ಆಂಟಿಗೆ ಹೇಳಿ ಬಂದಿದ್ದೇನೆ. "ನೋಡ್ತೇನೆ ಪುತಾ" ಅಂದಿದ್ದಾರೆ. ನೀವು ಹೋಗುವುದಾದರೆ ಮೊದಲ ಪಂಕ್ತಿಗೇ ಹೋಗಿ.

ಪಾರ್ಸೆಲ್ ಕೂಡ ಇದೆ. ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಸಿ ಗಸಿಯೇ, ಆದರೆ ಹಂಚಿ ತಿನ್ನುವ ನೊವೆಂ ಒಬ್ಬೊಬ್ಬರ ಡಬ್ಬಿಗೆ ಹೋದರೆ ಏನು ಉಳಿಯಿತು? ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಮಾತ್ರ ತರಿಸಿ. ಆದರೆ ಅವರು ಕೊಡುವ ಇನ್ನೊಂದು ವಸ್ತುವನ್ನು ಮರೆಯಬೇಡಿ. ಸಣ್ಣ ಕಾಗದದ ಪೊಟ್ಟಣದಲ್ಲಿ ಆಶೀರ್ವಾದ ಮಾಡಿಸಿದ ಹೊಸ ಅಕ್ಕಿ ಕಾಳು. ಮುಂಬೈ, ಗಲ್ಫ್ ಅಂತ ದೂರ ಇರುವ ಮನೆಯವರಿಗೆ ಇದನ್ನು ಲಕೋಟೆಯಲ್ಲಿ ಕಳಿಸುವುದು ನಮ್ಮ ಹಳೆಯ ಪದ್ಧತಿ. ಅವರು ಅದನ್ನು ತಮ್ಮ ಪಾಯಸಕ್ಕೆ ಹಾಕಿಕೊಂಡರೆ ಊಟದಲ್ಲಿ ಸೇರಿದ ಹಾಗೆ. ನಾನು ದೋಹಾದಲ್ಲಿರುವ ತಂಗಿಗೆ ಕಳಿಸಿದೆ. ಇದಕ್ಕೆ ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ.

ಲೆಕ್ಕದ ಮಾತು. ಎಲೆಗೆ 450 ರೂಪಾಯಿ, ಹತ್ತು ವರ್ಷದೊಳಗಿನ ಮಕ್ಕಳಿಗೆ 250. ಒಂದು ವಾರ ಮೊದಲೇ ಹೇಳಿ ಅರ್ಧ ಹಣ ಕಳಿಸಬೇಕು. ಏಳು ಬಗೆಗೆ, ಊರಿಂದ ಬರುವ ತೆನೆಗೆ, ಆ ಶ್ರದ್ಧೆಗೆ ಇದು ಖಂಡಿತ ಜಾಸ್ತಿ ಅಲ್ಲ. ಬೀದಿ ಇಕ್ಕಟ್ಟು, ಕಾರು ತರಬೇಡಿ. ಅದೇ ದಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ದೊಡ್ಡ ಜಾತ್ರೆ, ಸಂಜೆ ತೇರು. ಕಾವಿ ಬಟ್ಟೆ ಉಟ್ಟ ಭಕ್ತರು ಸಾವಿರಾರು ಜನ, ಆ ಕಡೆಯ ರಸ್ತೆಗಳೆಲ್ಲ ತುಂಬಿರುತ್ತವೆ. ಮಧ್ಯಾಹ್ನ ಇಲ್ಲಿ ಉಂಡು ಸಂಜೆ ತೇರಿಗೆ ಹೋಗುವುದು ನಮ್ಮ ಮನೆಯ ರೂಢಿ. ಎರಡೂ ಒಂದೇ ತಾಯಿಯ ಹುಟ್ಟುಹಬ್ಬ. ಒಂದು ಅಪ್ಪನ ಊರಿನದು, ಇನ್ನೊಂದು ನಾನು ಹುಟ್ಟಿದ ಊರಿನದು.

ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಹಾಲ್ ಒಳಗೇ ಜಾಗ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಶೆಡ್ಡಿನ ಬೆಂಚಿಗೆ ಒರಗು ಇಲ್ಲ. ಹಾಳೆಯ ಅಕ್ಷರವನ್ನು ಮುಂದಿನ ವರ್ಷ ಸ್ವಲ್ಪ ದೊಡ್ಡದು ಮಾಡಿ ಅಂತ ಅಮ್ಮ ಕೇಳಿದ್ದಾರೆ. ಕ್ರಿಸ್ಮಸ್‌ನ ಕುಸ್ವಾರ್ ತಿಂಡಿಗೆ ನವೆಂಬರ್ ಕೊನೆಯಿಂದ ಆರ್ಡರ್ ತೆಗೆದುಕೊಳ್ಳುತ್ತಾರೆ. ನಾವು ಈಗಲೇ ಹೇಳಿಟ್ಟಿದ್ದೇವೆ. ಗೌಡರ ಮನೆಯವರು ಎರಡು ಕೆಜಿ ಹೇಳಿದ್ದಾರೆ.