ನವಲಗುಂದ ರಸ್ತೆಗೆ ಯಾವ ಸಸ್ಪೆನ್ಷನ್? ಮೂರು ಹಾಕಿ ನೋಡಿದೆ

ನನ್ನ 1.8 ಲೀಟರ್ ಟರ್ಬೊ ಪೆಟ್ರೋಲ್ ಕಾರಿಗೆ ರಿಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಿದ ಮೇಲೆ ಹಳೆಯ ಸಸ್ಪೆನ್ಷನ್ ಸಾಲದಾಯಿತು. ಎರಡು ವರ್ಷದಲ್ಲಿ ಮೂರು ಬಗೆ ಹಾಕಿಸಿದೆ. ಹೆಚ್ಚಾಗಿ ಓಡಿಸಿ ನೋಡಿದ ದಾರಿ ಮಾತ್ರ ಒಂದೇ. ಹುಬ್ಬಳ್ಳಿಯಿಂದ ನವಲಗುಂದ, ಅಲ್ಲಿಂದ ಅಣ್ಣಿಗೇರಿ, ಅವ್ವನ ತವರು. ಆ ಕಡೆಯೆಲ್ಲ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ಚೆನ್ನಾಗಿದ್ದರೂ ರಸ್ತೆ ಅಲೆ ಅಲೆಯಾಗುತ್ತದೆ. ಕಾರಿಗೆ ಗುಂಡಿಗಿಂತ ಈ ಅಲೆಯೇ ಜಾಸ್ತಿ ಕಷ್ಟ.

ಮೊದಲು ಹಾಕಿಸಿದ್ದು ಕಾರನ್ನು 35 ಎಂ.ಎಂ. ತಗ್ಗಿಸುವ ಸ್ಪ್ರಿಂಗ್. ಶಾಕಪ್ ಹಳೆಯವೇ. ಖರ್ಚು ಕಡಿಮೆ, ನೋಡಲು ಚಂದ, ತಿರುವಿನಲ್ಲಿ ಓಲಾಟವೂ ಇಳಿಯಿತು. ಆದರೆ 80ರ ವೇಗದಲ್ಲಿ ಒಂದು ಅಲೆ ದಾಟಿದರೆ ಕಾರು ಎರಡು ಮೂರು ಸಲ ಪುಟಿಯುತ್ತಿತ್ತು. ಗಟ್ಟಿ ಸ್ಪ್ರಿಂಗ್ ಒತ್ತಿದಷ್ಟೇ ಜೋರಾಗಿ ಒದೆಯುತ್ತದೆ. ಆ ಒದೆತ ಹಿಡಿಯಬೇಕಾದ್ದು ಶಾಕಪ್. ಹಳೆಯದರ ಕೈಲಿ ಅದು ಆಗಲಿಲ್ಲ.

ಸಾಲದ್ದಕ್ಕೆ ಎಂಜಿನ್ ತೊಂದರೆ ಬೇರೆ. ಊರೊಳಗಿನ ಹಂಪ್‌ಗೆ ಕಾರಿನ ಹೊಟ್ಟೆ ತಾಗಿದ ವಾರದಲ್ಲೇ ಪಿಕಪ್ ಬಿತ್ತು, ಚೆಕ್ ಲೈಟ್ ಹತ್ತಿತು. ಸ್ಕ್ಯಾನರ್‌ನಲ್ಲಿ ಪಿ0299 ಕೋಡ್. ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡ ಸಾಲುತ್ತಿಲ್ಲ. ಒಂದು ಗ್ಯಾರೇಜ್‌ನಲ್ಲಿ, "ಟರ್ಬೊ ಹೋಗೇತ್ರಿ ಸರ, ಹೊಸಾದ ಹಾಕಬೇಕು" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಟರ್ಬೊ ಸೀಲ್ ಹೋಗಿದ್ದರೆ ಆಯಿಲ್ ಸುಟ್ಟು ನೀಲಿ ಹೊಗೆ ಬರಬೇಕು, ಅಲ್ವಾ? ಇಲ್ಲಿ ಸೈಲೆನ್ಸರ್ ಬಾಯಲ್ಲಿ ಬರೀ ಕರಿ ಮಸಿ. ಆಕ್ಸಿಲರೇಟರ್ ಒತ್ತಿದರೆ ಬುಸ್ ಅನ್ನುವ ಸದ್ದು. ಸೆನ್ಸರ್ ಅಳೆದ ಗಾಳಿ ದಾರಿಯಲ್ಲೇ ಸೋರಿದರೂ ಪೆಟ್ರೋಲ್ ಆ ಅಳತೆಗೇ ಬೀಳುತ್ತದೆ. ಹೆಚ್ಚಾದ ಪೆಟ್ರೋಲ್ ಪೂರ್ತಿ ಸುಡದೆ ಮಸಿಯಾಗುತ್ತದೆ. ಬೇರೆ ಕಡೆ ಸ್ಮೋಕ್ ಟೆಸ್ಟ್ ಮಾಡಿಸಿದೆ, ಅಂದರೆ ಪೈಪ್‌ಗಳೊಳಗೆ ಹೊಗೆ ಬಿಟ್ಟು ಸೋರುವ ಜಾಗ ಹುಡುಕುವುದು. ಹತ್ತು ನಿಮಿಷದಲ್ಲಿ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಕೆಳಗಿನ ಪೈಪ್ ಬಾಯಿಂದ ಹೊಗೆ ಬಂತು. ಕ್ಲಾಂಪ್ ಸರಿದಿತ್ತು, ಅಷ್ಟೇ. ಟರ್ಬೊ ಬದಲಿಸಿದ್ದರೂ ಸೋರಿಕೆ ಹಾಗೇ ಇರುತ್ತಿತ್ತು.

ಆಮೇಲೆ ಹಾಕಿಸಿದ್ದು ಕಾಯಿಲ್‌ಓವರ್, ಅಂದರೆ ಸ್ಪ್ರಿಂಗ್ ಮತ್ತು ಶಾಕಪ್ ಒಂದೇ ಸೆಟ್ ಆಗಿರುವುದು. ಎತ್ತರ ಬೇಕಾದಷ್ಟು ಏರಿಸಬಹುದು, ಇಳಿಸಬಹುದು. ಧಾರವಾಡ ಬೈಪಾಸ್‌ನಲ್ಲಿ ಕಾರು ನೆಲಕ್ಕೆ ಅಂಟಿಕೊಂಡಂತೆ ಹೋಯಿತು. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎರೆ ಕೆಸರು ಥ್ರೆಡ್‌ಗಳಲ್ಲಿ ಕೂತು ಕಲ್ಲಾಯಿತು. ಎತ್ತರ ಹೊಂದಿಸುವ ರಿಂಗ್ ತಿರುಗಲೇ ಇಲ್ಲ. ಹಿಂದಿನ ಸೀಟಿನಲ್ಲಿ ಅವ್ವನಿಗೆ ಸೊಂಟ ನೋವು. ಮಾರಿಬಿಟ್ಟೆ.

ಈಗ ಇರುವುದು ಕಂಪನಿ ಸ್ಪ್ರಿಂಗ್, ಜೊತೆಗೆ ಬಿಲ್‌ಸ್ಟೈನ್ ಬಿ6 ಶಾಕಪ್. ಬಿ6 ಮಾಡಿರುವುದು ಮೂಲ ಎತ್ತರದ ಕಾರಿಗೆ. ಕಾರು ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ್ದರೆ ಅದೇ ಕಂಪನಿಯ ಬಿ8 ತೆಗೆದುಕೊಳ್ಳಬೇಕು. ಇದನ್ನು ಅದಲು ಬದಲು ಮಾಡಬೇಡಿ. ಸಣ್ಣ ಗುಂಡಿಗೆ ಬಿ6 ಸ್ವಲ್ಪ ಗಡುಸು, ನಿಜ. ಆದರೆ ಅಲೆ ದಾಟಿದಾಗ ಕಾರು ಒಮ್ಮೆ ಕುಗ್ಗಿ ಎದ್ದು ಅಲ್ಲಿಗೇ ನಿಲ್ಲುತ್ತದೆ. ಇನ್ನೊಮ್ಮೆ ಹಾಕಿಸುವುದಿದ್ದರೆ ನಾನು ಮೊದಲೇ ಇದನ್ನು ಹಾಕಿಸುತ್ತೇನೆ. ಹೊಟ್ಟೆ ಎಲ್ಲೂ ತಾಗಿಲ್ಲ. ಕಳೆದ ವಾರ ಅಣ್ಣಿಗೇರಿಯಿಂದ ಬರುವಾಗ ಅವ್ವ ಮನೆ ಮುಟ್ಟುವ ತನಕ ನಿದ್ದೆ ಮಾಡಿದಳು.